ಕೃತಕೋಪಗ್ರಹಗಳೂ ಅವುಗಳನ್ನು ಕೆಡಹುವ ಆಯುಧಗಳೂ

ಸೂರ್ಯನು ಮುಳುಗಿ ಸ್ವಲ್ಪ ಹೊತ್ತಾದ ಮೇಲೆ ಅಂಗಳದಲ್ಲಿ ನಿಂತು ಮೇಲೆ ನೋಡುವವರಿಗೆ, ನಕ್ಷತ್ರಗಳ ನಡುವೆ ಒಂದು ಬೆಳಕಿನ ಚುಕ್ಕೆಯು ಮಿನುಗದೆ, ಸದ್ದಿಲ್ಲದೆ, ಒಂದೇ ಸಮನಾಗಿ ಸರಿದುಹೋಗುವುದು ಒಮ್ಮೊಮ್ಮೆ ಕಾಣುವುದುಂಟು. ಅದು ನಕ್ಷತ್ರವೂ ಅಲ್ಲ, ಉಲ್ಕೆಯೂ ಅಲ್ಲ. ಮನುಷ್ಯನು ತನ್ನ ಕೈಯಿಂದ ಮಾಡಿ ಮೇಲಕ್ಕೆ ಕಳುಹಿಸಿದ ಉಪಗ್ರಹ. ನಮ್ಮ ನೆಲಕ್ಕೆ ಕತ್ತಲು ಕವಿದಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುವುದರಿಂದ ಅದು ಹೊಳೆಯುತ್ತದೆ. ಇಂತಹ ಉಪಗ್ರಹಗಳಲ್ಲಿ ಮೊದಲನೆಯದಾದ ಸ್ಪುಟ್ನಿಕ್ ಎಂಬುದನ್ನು ಸೋವಿಯೆಟ್ ರಷ್ಯದವರು ೧೯೫೭ನೆಯ ಇಸವಿ ಅಕ್ಟೋಬರ್ ೪ರಂದು ಹಾರಿಸಿದರು. ಅಲ್ಲಿಂದ ಎರಡು ವರ್ಷ ಒಂಬತ್ತು ದಿನ ಕಳೆಯುವಷ್ಟರಲ್ಲಿ, ಇಂತಹ ವಸ್ತುವನ್ನು ಹೊಡೆದು ಕೆಡಹುವುದು ಸಾಧ್ಯವೇ ಎಂಬ ಪರೀಕ್ಷೆಯೂ ನಡೆದುಹೋಯಿತು. ಅಂದಿನಿಂದ ಇಂದಿನವರೆಗೆ ಈ ಪ್ರಯತ್ನವು ಹೇಗೆ ಬೆಳೆಯಿತು, ಅದರಿಂದ ನಮಗೆ ಬಂದಿರುವ ತೊಡಕು ಯಾವುದು ಎಂಬುದನ್ನು ಕೂಡಿದಮಟ್ಟಿಗೆ ತಿಳಿಯಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಇಂತಹ ವಿಷಯವು ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಗೆ ತಕ್ಕುದೇ ಎಂದು ಕೆಲವರು ಕೇಳಬಹುದು. ಉಪಗ್ರಹಗಳು ದಂಡಿನವರ ಸೊತ್ತು ಮಾತ್ರವೇ ಆಗಿದ್ದರೆ ಆ ಪ್ರಶ್ನೆಗೆ ಬೆಲೆಯಿರುತ್ತಿದ್ದಿತು. ಆದರೆ ಈಗ ಅವು ನಮ್ಮ ಮನೆವಾರ್ತೆಯೊಳಗೆ ಬಂದು ಸೇರಿವೆ. ಕಡಲಿಗೆ ಇಳಿಯುವ ಬೆಸ್ತನಿಗೆ ಬಿರುಗಾಳಿಯ ಎಚ್ಚರಿಕೆ ಬರುವುದು ಅವುಗಳಿಂದ. ಪರವೂರಿನಲ್ಲಿ ನೆಲಸಿದ ಮಗಳ ಮನೆಯನ್ನು ಹುಡುಕುವ ತಂದೆಗೆ ಕೈಯಲ್ಲಿರುವ ಫೋನು ದಾರಿ ತೋರಿಸುವುದು ಅವುಗಳಿಂದ. ಬ್ಯಾಂಕುಗಳೂ ವಿದ್ಯುಚ್ಛಕ್ತಿಯ ಜಾಲಗಳೂ ತಮ್ಮ ಗಡಿಯಾರಗಳನ್ನು ಸರಿಹೊಂದಿಸಿಕೊಳ್ಳುವುದು ಸಹ ಅವುಗಳಿಂದಲೇ. ೧೯೯೯ರಲ್ಲಿ ಒಡಿಶಾ ತೀರಕ್ಕೆ ಬಡಿದ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ೨೦೧೯ನೆಯ ಮೇ ೩ರಂದು ಫನಿ ಎಂಬ ಪ್ರಬಲವಾದ ಚಂಡಮಾರುತವು ಅದೇ ತೀರದ ಪುರಿಯ ಬಳಿ ನೆಲಕ್ಕೆ ಬಂದಾಗ, ಅದರ ಹಾದಿಯನ್ನು ಉಪಗ್ರಹಗಳು ದಿನಗಳ ಮೊದಲೇ ತೋರಿಸಿದ್ದುದರಿಂದ ಹತ್ತು ಲಕ್ಷಕ್ಕೂ ಮಿಕ್ಕಿದ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲು ಸಾಧ್ಯವಾಯಿತು. ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಎಚ್ಚರಿಕೆ ಬಂದರೆ ಸಾಲದು, ಜನರನ್ನು ಸಾಗಿಸುವ ಆಡಳಿತವೂ ಆಶ್ರಯದ ಕಟ್ಟಡಗಳೂ ಬೇಕು, ನಿಜ. ಆದರೆ ಎಚ್ಚರಿಕೆಯೇ ಬಾರದಿದ್ದರೆ ಮಿಕ್ಕುವುಗಳಿಂದ ಏನು ಪ್ರಯೋಜನ?

ಉಪಗ್ರಹವನ್ನು ಕೆಡಹುವ ಬಗೆಯನ್ನು ತಿಳಿಯಬೇಕಾದರೆ ಅದು ಮೇಲೆ ನಿಂತಿರುವ ಬಗೆಯನ್ನು ಮೊದಲು ತಿಳಿಯಬೇಕು. ನಿಂತಿರುವುದೆಂದು ವಾಡಿಕೆಯಿಂದ ಹೇಳಿದುದಷ್ಟೆ. ವಾಸ್ತವದಲ್ಲಿ ಅದು ಸದಾ ಬೀಳುತ್ತಲೇ ಇರುತ್ತದೆ. ಒಂದು ಕಲ್ಲನ್ನು ಅಡ್ಡಲಾಗಿ ಎಸೆದರೆ ಅದು ಬಾಗಿ ನೆಲಕ್ಕೆ ಬೀಳುವುದು; ಹೆಚ್ಚು ಬಲದಿಂದ ಎಸೆದರೆ ಹೆಚ್ಚು ದೂರ ಹೋಗಿ ಬೀಳುವುದು. ಬಹಳ ಎತ್ತರವಾದ ಬೆಟ್ಟದ ಮೇಲೆ ಫಿರಂಗಿಯನ್ನಿಟ್ಟು ಗುಂಡನ್ನು ಮೇಲಿಂದ ಮೇಲೆ ಹೆಚ್ಚು ವೇಗದಿಂದ ಹಾರಿಸುತ್ತ ಹೋದರೆ ಏನಾಗುವುದೆಂದು ನ್ಯೂಟನ್ ಮಹಾಶಯನು ಹದಿನೇಳನೆಯ ಶತಮಾನದಲ್ಲಿಯೇ ಯೋಚಿಸಿದನು. ಒಂದು ವೇಗವನ್ನು ಮುಟ್ಟಿದ ಮೇಲೆ ಗುಂಡು ಎಷ್ಟು ಬಾಗುವುದೋ ಅದರ ಕೆಳಗಿನ ನೆಲವೂ ಅಷ್ಟೇ ಬಾಗಿಹೋಗುವುದರಿಂದ ಗುಂಡು ನೆಲವನ್ನು ಸೇರುವುದೇ ಇಲ್ಲ. ಭೂಮಿಯನ್ನು ಸುತ್ತುತ್ತಲೇ ಇರುವುದು. ಮುನ್ನೂರು ಕಿಲೋಮೀಟರು ಎತ್ತರದಲ್ಲಿ ಈ ವೇಗವು ಸೆಕೆಂಡಿಗೆ ಸುಮಾರು ಏಳುಮುಕ್ಕಾಲು ಕಿಲೋಮೀಟರು. ಆ ವೇಗದಲ್ಲಿ ಭೂಮಿಯನ್ನು ಒಂದು ಬಾರಿ ಸುತ್ತಲು ಒಂದೂವರೆ ಗಂಟೆ ಸಾಕು.

ಎಲ್ಲ ಉಪಗ್ರಹಗಳೂ ಒಂದೇ ಎತ್ತರದಲ್ಲಿರುವುದಿಲ್ಲ. ನೆಲದ ಚಿತ್ರ ತೆಗೆಯುವಂತಹವು ಸಾಮಾನ್ಯವಾಗಿ ಕೆಲವು ನೂರು ಕಿಲೋಮೀಟರುಗಳಿಂದ ಸಾವಿರದವರೆಗಿನ ಎತ್ತರದಲ್ಲಿರುತ್ತವೆ. ದಾರಿ ತೋರಿಸುವ ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ೨೦,೨೦೦ ಕಿಲೋಮೀಟರು ಎತ್ತರದಲ್ಲಿವೆ. ೩೫,೭೮೬ ಕಿಲೋಮೀಟರು ಎತ್ತರದಲ್ಲಿ ಭೂಮಧ್ಯರೇಖೆಯ ನೇರಕ್ಕೆ ಸುತ್ತುವುವು ಭೂಮಿಯೊಡನೆಯೇ ಒಂದು ದಿನಕ್ಕೆ ಒಂದು ಸುತ್ತು ಬರುವುದರಿಂದ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವುವು. ನಮ್ಮ ಇನ್ಸಾಟ್ ಉಪಗ್ರಹಗಳು ಈ ಜಾತಿಯವು. ಇದುವರೆಗೆ ಹೊಡೆದು ಒಡೆದಿರುವುವೆಲ್ಲ ಮೊದಲನೆಯ ಗುಂಪಿಗೆ, ಅಂದರೆ ಕೆಳಗಿನವುಗಳಿಗೆ, ಸೇರಿದುವು.

ಇಷ್ಟು ವೇಗವಾಗಿ ಓಡುವ ವಸ್ತುವನ್ನು ಹೊಡೆಯಬೇಕಾದರೆ ಆಯುಧಕ್ಕೂ ಅಷ್ಟೇ ವೇಗ ಬೇಕೆಂದು ತೋರಬಹುದು. ಹಾಗೇನೂ ಇಲ್ಲ. ಓಡುವ ರೈಲುಬಂಡಿಗೆ ಕಲ್ಲು ಬಡಿಯಬೇಕಾದರೆ ಕಲ್ಲು ಬಂಡಿಯನ್ನು ಅಟ್ಟಿಕೊಂಡು ಹೋಗಬೇಕಾಗಿಲ್ಲ. ಹಳಿಯ ಮೇಲೆ ಸರಿಯಾದ ಹೊತ್ತಿಗೆ ಇದ್ದರೆ ಸಾಕು. ಉಪಗ್ರಹದ ಹಾದಿಯೂ ಹಳಿಯಂತೆಯೇ ನಿಶ್ಚಿತವಾದುದು. ಅದು ಯಾವ ದಿನ, ಯಾವ ಸೆಕೆಂಡಿನಲ್ಲಿ, ಯಾವ ಊರಿನ ಮೇಲೆ ಬರುವುದೆಂಬುದನ್ನು ಮೊದಲೇ ಲೆಕ್ಕಹಾಕಿ ಹೇಳಬಹುದು. ಹೀಗಿರಲು ಬಾಣವು ನೆಟ್ಟಗೆ ಮೇಲಕ್ಕೆ ಹೋಗಿ ಆ ಹಾದಿಗೆ ಅಡ್ಡಬಂದರೆ ಆಯಿತು. ಮುನ್ನೂರು ಕಿಲೋಮೀಟರು ಎತ್ತರಕ್ಕೆ ಬರಿದೆ ಏರಲು ಸೆಕೆಂಡಿಗೆ ಸುಮಾರು ಎರಡೂವರೆ ಕಿಲೋಮೀಟರು ವೇಗ ಸಾಕು. ಉಳಿದ ವೇಗವನ್ನೆಲ್ಲ ಉಪಗ್ರಹವೇ ತರುವುದು. ಬಾಣದ ತುದಿಯಲ್ಲಿ ಸಿಡಿಮದ್ದೂ ಬೇಕಾಗಿಲ್ಲ: ಸೆಕೆಂಡಿಗೆ ಹತ್ತು ಕಿಲೋಮೀಟರು ವೇಗದಲ್ಲಿ ಬಂದು ತಗಲುವ ಒಂದು ಕಿಲೋಗ್ರಾಂ ಲೋಹದಲ್ಲಿ ಹನ್ನೆರಡು ಕಿಲೋಗ್ರಾಂ ಟಿ.ಎನ್.ಟಿ. ಸಿಡಿಮದ್ದಿನಷ್ಟು ಶಕ್ತಿಯಿರುತ್ತದೆ. ಕಷ್ಟವಿರುವುದು ಬಲದಲ್ಲಲ್ಲ, ಗುರಿಯಲ್ಲಿ. ಎರಡು ವಸ್ತುಗಳು ಒಂದನ್ನೊಂದು ಹಾದುಹೋಗುವ ಕಾಲವು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ; ಅಷ್ಟರೊಳಗೆ ಸಂಧಿಸದಿದ್ದರೆ ಪ್ರಯತ್ನವು ವ್ಯರ್ಥ.

ಈ ಗುರಿಯ ಸೂಕ್ಷ್ಮವು ಮೊದಲ ಕಾಲದವರಿಗೆ ಕೈವಶವಾಗಿರಲಿಲ್ಲ. ೧೯೫೯ನೆಯ ಅಕ್ಟೋಬರ್ ೧೩ರಂದು ಅಮೆರಿಕದವರು ವಿಮಾನವೊಂದರಿಂದ ಬೋಲ್ಡ್ ಓರಿಯನ್ ಎಂಬ ಬಾಣವನ್ನು ಬಿಟ್ಟು ತಮ್ಮದೇ ಆದ ಎಕ್ಸ್‌ಪ್ಲೋರರ್ ೬ ಎಂಬ ಉಪಗ್ರಹಕ್ಕೆ ಗುರಿಯಿಟ್ಟರು. ಬಾಣವು ಅದರಿಂದ ಆರು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ ಹಾದುಹೋಯಿತು. ಲೋಹದ ತುಂಡಿಗೆ ಇದು ಪೂರಾ ಸೋಲು. ಆದರೆ ಬಾಣದ ತಲೆಯಲ್ಲಿ ಪರಮಾಣು ಬಾಂಬು ಇದ್ದಿದ್ದರೆ ಆರು ಕಿಲೋಮೀಟರು ಹೆಚ್ಚಿನ ದೂರವಲ್ಲವೆಂದು ಆ ಕಾಲದ ಸೇನಾಧಿಕಾರಿಗಳು ಎಣಿಸಿದರು. ಆ ಎಣಿಕೆಯ ಫಲವೇನೆಂಬುದು ಮೂರು ವರ್ಷಗಳೊಳಗೆ ಕಣ್ಣಿಗೆ ಕಂಡಿತು.

೧೯೬೨ನೆಯ ಜುಲೈ ೮ರ ರಾತ್ರಿ (ಗ್ರೀನಿಚ್ ಕಾಲದಂತೆ ೯ರಂದು) ಪೆಸಿಫಿಕ್ ಸಾಗರದ ಜಾನ್‌ಸ್ಟನ್ ದ್ವೀಪದಿಂದ ಅಮೆರಿಕದವರು ಒಂದು ಬಾಂಬನ್ನು ಮೇಲಕ್ಕೆ ಕಳುಹಿಸಿ ನಾನೂರು ಕಿಲೋಮೀಟರು ಎತ್ತರದಲ್ಲಿ ಸಿಡಿಸಿದರು. ಇದನ್ನು ಸ್ಟಾರ್‌ಫಿಶ್ ಪ್ರೈಮ್ ಎಂದು ಕರೆಯುವರು. ಅದರ ಬಲವು ಹದಿನಾಲ್ಕು ಲಕ್ಷ ಟನ್ ಟಿ.ಎನ್.ಟಿ.ಗೆ ಸಮಾನವಾಗಿದ್ದಿತು. ಅಲ್ಲಿಂದ ಸುಮಾರು ೧,೪೫೦ ಕಿಲೋಮೀಟರು ದೂರದ ಹವಾಯಿ ದ್ವೀಪಗಳಲ್ಲಿ ರಾತ್ರಿಯ ಆಕಾಶವು ಬೆಳಗಿ ಬಣ್ಣಬಣ್ಣವಾಯಿತು. ಬೀದಿಯ ದೀಪಗಳಲ್ಲಿ ಸುಮಾರು ಮುನ್ನೂರು ಆರಿಹೋದುವು. ಆದರೆ ನಿಜವಾದ ಹಾನಿಯು ಆ ರಾತ್ರಿ ಕಾಣಲಿಲ್ಲ. ಸ್ಫೋಟದಿಂದ ಹೊರಟ ವಿದ್ಯುತ್ಕಣಗಳು ಭೂಮಿಯ ಅಯಸ್ಕಾಂತ ಕ್ಷೇತ್ರದಲ್ಲಿ ಸಿಕ್ಕಿಕೊಂಡು ಭೂಮಿಯ ಸುತ್ತ ಒಂದು ಪಟ್ಟಿಯಂತೆ ನೆಲಸಿದುವು. ಆ ಪಟ್ಟಿಯನ್ನು ಹಾದುಹೋಗುವ ಉಪಗ್ರಹಗಳ ಬಿಸಿಲಿನ ಫಲಕಗಳೂ ವಿದ್ಯುತ್ ಉಪಕರಣಗಳೂ ದಿನದಿನಕ್ಕೆ ಕೆಡತೊಡಗಿದುವು. ಬ್ರಿಟನ್ ದೇಶದ ಮೊಟ್ಟಮೊದಲನೆಯ ಉಪಗ್ರಹವಾದ ಏರಿಯಲ್ ೧ ಎಂಬುದು ಮೇಲೇರಿ ಮೂರು ತಿಂಗಳೂ ತುಂಬಿರಲಿಲ್ಲ. ಮಿತ್ರರಾಷ್ಟ್ರದ ಬಾಂಬಿನಿಂದ ಅದಕ್ಕೆ ಪೆಟ್ಟು ಬಿದ್ದಿತು. ಸ್ಫೋಟದ ಮರುದಿನ, ಜುಲೈ ೧೦ರಂದು, ಹಾರಿಸಲ್ಪಟ್ಟ ಟೆಲ್‌ಸ್ಟಾರ್ ಎಂಬುದು ಅಟ್ಲಾಂಟಿಕ್ ಸಾಗರದ ಆಚೆಯ ಟೆಲಿವಿಷನ್ ಚಿತ್ರಗಳನ್ನು ಆಗಿಂದಾಗಲೇ ಈಚೆಗೆ ತೋರಿಸಿ ಲೋಕವನ್ನು ಬೆರಗುಗೊಳಿಸಿತು. ಅದೇ ವರ್ಷದ ನವೆಂಬರಿನಲ್ಲಿ ಅದು ನೆಲದಿಂದ ಕಳುಹಿಸಿದ ಆಜ್ಞೆಗಳಿಗೆ ಓಗೊಡದಾಯಿತು. ನಡುವೆ ಒಮ್ಮೆ ಚೇತರಿಸಿಕೊಂಡು ೧೯೬೩ನೆಯ ಫೆಬ್ರವರಿಯಲ್ಲಿ ಪೂರ್ತಿಯಾಗಿ ಸುಮ್ಮನಾಯಿತು. ೧೯೬೨ರಲ್ಲಿಯೇ ಸೋವಿಯೆಟ್ ರಷ್ಯದವರೂ ತಮ್ಮ ಕಡೆಯಿಂದ ಇಂತಹ ಸ್ಫೋಟಗಳನ್ನು ಮಾಡಿದ್ದರೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.

ಈ ಒಂದು ಸಂಗತಿಯಿಂದ ಆಯುಧದ ಸ್ವಭಾವವು ಸ್ಪಷ್ಟವಾಯಿತು. ಬಾಂಬು ಶತ್ರುವಿನ ಉಪಗ್ರಹ ಯಾವುದು, ತನ್ನದು ಯಾವುದು ಎಂದು ವಿಚಾರಿಸುವುದಿಲ್ಲ. ೧೯೬೩ನೆಯ ಆಗಸ್ಟ್ ತಿಂಗಳಲ್ಲಿ ಮಾಸ್ಕೋದಲ್ಲಿ ಆದ ಒಪ್ಪಂದವು ವಾಯುಮಂಡಲದಲ್ಲಿಯೂ ಅಂತರಿಕ್ಷದಲ್ಲಿಯೂ ನೀರಿನೊಳಗೂ ಪರಮಾಣು ಸ್ಫೋಟಗಳನ್ನು ನಿಷೇಧಿಸಿತು. ೧೯೬೭ರ ಅಂತರಿಕ್ಷ ಒಪ್ಪಂದವು ಇಂತಹ ಬಾಂಬುಗಳನ್ನು ಭೂಮಿಯ ಸುತ್ತಣ ಕಕ್ಷೆಯಲ್ಲಿ ಇಡಕೂಡದೆಂದು ವಿಧಿಸಿತು. ಆದರೂ ಅಮೆರಿಕದವರು ಜಾನ್‌ಸ್ಟನ್ ದ್ವೀಪದಲ್ಲಿ ಪರಮಾಣು ತಲೆಯ ಬಾಣಗಳನ್ನು ೧೯೬೪ರಿಂದ ಸುಮಾರು ಹತ್ತು ವರ್ಷ ಕಾಲ ಸಿದ್ಧವಾಗಿ ಇಟ್ಟುಕೊಂಡೇ ಇದ್ದರು. ನೆಲದ ಮೇಲೆ ಇಡುವುದನ್ನು ಒಪ್ಪಂದವು ತಡೆದಿರಲಿಲ್ಲವಷ್ಟೆ.

ಸೋವಿಯೆಟ್ ರಷ್ಯದವರು ಹಿಡಿದ ದಾರಿಯೇ ಬೇರೆ. ಅವರ ಆಯುಧವೇ ಒಂದು ಉಪಗ್ರಹ. ಗುರಿಯ ಹಾದಿಗೆ ಸಮೀಪವಾದ ಹಾದಿಯಲ್ಲಿ ಅದನ್ನು ಏರಿಸುವರು. ಒಂದೆರಡು ಸುತ್ತಿನೊಳಗೆ ಅದು ಗುರಿಯ ಬಳಿ ಸಾರಿ ತಾನೇ ಸಿಡಿದು ಲೋಹದ ಚೂರುಗಳನ್ನು ಎರಚುವುದು. ೧೯೬೮ರಲ್ಲಿ ಇದು ಮೊದಲು ಸಫಲವಾಯಿತು. ಬಿಟ್ಟುಬಿಟ್ಟು ೧೯೮೨ರವರೆಗೆ ಪರೀಕ್ಷೆಗಳು ನಡೆದುವು. ೧೯೭೪ರಲ್ಲಿ ಹಾರಿಸಿದ ಸಲ್ಯೂಟ್ ೩ ಎಂಬ ಅಂತರಿಕ್ಷ ನಿಲ್ದಾಣಕ್ಕೆ ಅವರು ವಿಮಾನದ ಫಿರಂಗಿಯೊಂದನ್ನು ಕಟ್ಟಿ, ಅದರಲ್ಲಿ ಮನುಷ್ಯರಿಲ್ಲದಾಗ, ೧೯೭೫ನೆಯ ಜನವರಿಯಲ್ಲಿ, ನೆಲದಿಂದಲೇ ಆಜ್ಞೆ ಕೊಟ್ಟು ಗುಂಡುಹಾರಿಸಿ ನೋಡಿದರು. ನ್ಯೂಟನ್ನನ ಬೆಟ್ಟದ ಫಿರಂಗಿಯನ್ನು ಓದಿದ್ದ ನಮಗೆ ಇದು ವಿನೋದವಾಗಿ ತೋರದಿರದು.

ಲೋಹವನ್ನು ಲೋಹಕ್ಕೆ ನೇರವಾಗಿ ಬಡಿಯುವ ಸೂಕ್ಷ್ಮವು ಸಿದ್ಧಿಸಿದುದು ೧೯೮೫ರಲ್ಲಿ. ಆ ವರ್ಷದ ಸೆಪ್ಟೆಂಬರ್ ೧೩ರಂದು ಅಮೆರಿಕದ ಎಫ್-೧೫ ವಿಮಾನವು ಕಡಿದಾಗಿ ಮೇಲಕ್ಕೇರಿ ಬಾಣವನ್ನು ಬಿಟ್ಟಿತು. ಬಾಣದ ತುದಿಯಲ್ಲಿದ್ದ ಪುಟ್ಟ ಯಂತ್ರವು ಉಪಗ್ರಹದ ಶಾಖವನ್ನು ಗುರುತುಹಿಡಿದು, ಐನೂರು ಕಿಲೋಮೀಟರಿಗೂ ಮಿಕ್ಕಿದ ಎತ್ತರದಲ್ಲಿ ಅದಕ್ಕೆ ನೇರವಾಗಿ ಬಡಿಯಿತು. ಹೊಡೆಯಿಸಿಕೊಂಡುದು ಅಮೆರಿಕದವರದೇ ಆದ ಸೋಲ್‌ವಿಂಡ್. ಅದು ಹಳೆಯದಾಗಿದ್ದರೂ ನಿರುಪಯುಕ್ತವಾಗಿರಲಿಲ್ಲ. ಸೂರ್ಯನ ಸುತ್ತಣ ಪ್ರಭೆಯನ್ನು ನೋಡುವ ಅದರ ಉಪಕರಣವು ಸೂರ್ಯನೊಳಕ್ಕೆ ಬೀಳುವ ಧೂಮಕೇತುಗಳನ್ನು ಕಂಡುಹಿಡಿದಿತ್ತು; ಆ ದಿನದವರೆಗೂ ಅದು ವಿಜ್ಞಾನಿಗಳಿಗೆ ವರದಿ ಕಳುಹಿಸುತ್ತಿದ್ದಿತು. ಅದರ ೨೮೫ ಚೂರುಗಳನ್ನು ಪಟ್ಟಿಮಾಡಿದರು. ಹತ್ತೊಂಬತ್ತು ವರ್ಷಗಳಾದ ಮೇಲೆ, ೨೦೦೪ರಲ್ಲಿ, ಅವುಗಳಲ್ಲಿ ಒಂದು ಇನ್ನೂ ಮೇಲೆ ಸುತ್ತುತ್ತಿದ್ದಿತು. ಕೆಲಸ ಮಾಡುವ ದೂರದರ್ಶಕವನ್ನು ಬಂದೂಕಿನ ಗುರಿಗೆ ನಿಲ್ಲಿಸಿದಂತೆ ಆಯಿತೆಂದು ವಿಜ್ಞಾನಿಗಳಿಗೆ ವ್ಯಸನವಾದುದರಲ್ಲಿ ಆಶ್ಚರ್ಯವೇನು?

ಆ ಮೇಲೆ ಇಪ್ಪತ್ತೊಂದು ವರ್ಷ ಕಾಲ ಯಾರೂ ಉಪಗ್ರಹವನ್ನು ಹೊಡೆದು ಒಡೆಯಲಿಲ್ಲ. ೨೦೦೭ನೆಯ ಜನವರಿ ೧೧ರಂದು ಚೀನ ದೇಶದವರು ಆ ಮೌನವನ್ನು ಮುರಿದರು. ಫೆಂಗ್‌ಯುನ್ ೧ಸಿ ಎಂಬುದು ಅವರ ಹವಾಮಾನದ ಉಪಗ್ರಹ. ಆ ಹೆಸರಿಗೆ ಗಾಳಿ ಮತ್ತು ಮೋಡ ಎಂದರ್ಥ. ೧೯೯೯ರಲ್ಲಿ ಹಾರಿದ, ಏಳುನೂರೈವತ್ತು ಕಿಲೋಗ್ರಾಂ ತೂಕದ ಅದನ್ನು ಸುಮಾರು ೮೬೫ ಕಿಲೋಮೀಟರು ಎತ್ತರದಲ್ಲಿ ಬಾಣದಿಂದ ಒಡೆದರು. ಮೊದಲೇ ಯಾರಿಗೂ ತಿಳಿಸಿರಲಿಲ್ಲ. ಹನ್ನೆರಡು ದಿನಗಳಾದ ಮೇಲೆ ಒಪ್ಪಿಕೊಂಡರು. ಪಟ್ಟಿಗೆ ಸಿಕ್ಕಿದ ಚೂರುಗಳೇ ಮೂರು ಸಾವಿರಕ್ಕೂ ಮಿಕ್ಕುವು. ಪಟ್ಟಿಗೆ ಸಿಗದಷ್ಟು ಸಣ್ಣವು ಎಷ್ಟೋ ಪಾಲು ಹೆಚ್ಚು. ಅಂತರಿಕ್ಷದಲ್ಲಿ ಒಂದೇ ಘಟನೆಯಿಂದ ಇಷ್ಟು ಕಸ ಹುಟ್ಟಿದುದು ಹಿಂದೆಂದೂ ಇಲ್ಲ.

ಇಲ್ಲಿ ಈ ಕಸದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಹಡಗನ್ನು ಮುಳುಗಿಸಿದರೆ ಅದು ಸಮುದ್ರದ ತಳಕ್ಕೆ ಹೋಗುವುದು. ವಿಮಾನವನ್ನು ಹೊಡೆದರೆ ನೆಲಕ್ಕೆ ಬೀಳುವುದು. ಉಪಗ್ರಹವನ್ನು ಒಡೆದರೆ ಅದು ಎಲ್ಲಿಗೂ ಹೋಗುವುದಿಲ್ಲ. ಅದರ ಒಂದೊಂದು ಚೂರೂ ತಾನೇ ಒಂದು ಉಪಗ್ರಹವಾಗಿ ಅದೇ ವೇಗದಲ್ಲಿ ಸುತ್ತತೊಡಗುವುದು. ಹೊಡೆತದಿಂದ ಕೆಲವು ಚೂರುಗಳಿಗೆ ವೇಗ ಕಡಿಮೆಯಾಗಿ ಅವು ಬೇಗನೆ ಬೀಳುವುವು. ಕೆಲವಕ್ಕೆ ವೇಗ ಹೆಚ್ಚಿ ಅವು ಹಿಂದಿಗಿಂತಲೂ ಎತ್ತರಕ್ಕೆ ಚಿಮ್ಮುವುವು. ಇವುಗಳನ್ನು ಕೆಳಕ್ಕೆ ತರುವ ಶಕ್ತಿ ಒಂದೇ: ಅಷ್ಟು ಎತ್ತರದಲ್ಲಿಯೂ ಅಲ್ಪಸ್ವಲ್ಪವಾಗಿ ಉಳಿದಿರುವ ಗಾಳಿಯ ತಡೆ. ಮುನ್ನೂರು ಕಿಲೋಮೀಟರು ಎತ್ತರದಲ್ಲಿ ಈ ತಡೆಯು ಚೂರುಗಳನ್ನು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಇಳಿಸಿಬಿಡುವುದು. ಐನೂರರಲ್ಲಿ ವರ್ಷಗಳು ಬೇಕು. ಎಂಟುನೂರನ್ನು ದಾಟಿದರೆ ನೂರು ವರ್ಷಗಳ ಮಾತು. ಫೆಂಗ್‌ಯುನ್‌ನ ಚೂರುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಇಂದಿಗೂ ಸುತ್ತುತ್ತಿವೆ. ಅದನ್ನು ಒಡೆದ ದಿನ ಹುಟ್ಟಿದ ಮಗುವಿನ ಮೊಮ್ಮಕ್ಕಳ ಕಾಲಕ್ಕೂ ಅವುಗಳಲ್ಲಿ ಕೆಲವು ಉಳಿದಿರುವುವು.

ಚೂರು ಚಿಕ್ಕದಾದರೇನು ಎಂದು ಅಲಕ್ಷ್ಯಮಾಡುವಂತಿಲ್ಲ. ೧೯೮೩ನೆಯ ಜೂನ್ ತಿಂಗಳಲ್ಲಿ ಚಾಲೆಂಜರ್ ಎಂಬ ನೌಕೆಯಲ್ಲಿ ಸ್ಯಾಲಿ ರೈಡ್ ಎಂಬಾಕೆ ಅಮೆರಿಕದ ಹೆಂಗಸರಲ್ಲಿ ಮೊದಲನೆಯವಳಾಗಿ ಅಂತರಿಕ್ಷಕ್ಕೆ ಹೋದಳು. ಆ ಯಾತ್ರೆಯಲ್ಲಿ ನೌಕೆಯ ಕಿಟಕಿಯ ಗಾಜಿಗೆ ಏನೋ ಬಡಿದು ಒಂದು ಗುಳಿ ಬಿದ್ದಿತು. ಹಿಂದಕ್ಕೆ ಬಂದ ಮೇಲೆ ಪರೀಕ್ಷಿಸಿದಾಗ, ಹಿಂದಿನ ಯಾವುದೋ ಉಪಗ್ರಹದಿಂದಲೋ ಬಾಣದಿಂದಲೋ ಉದುರಿದ ಬಣ್ಣದ ಹೊಪ್ಪಳೆಯೊಂದು ಬಡಿದಿದ್ದಿತೆಂದು ತಿಳಿದುಬಂದಿತು. ಮಿಲಿಮೀಟರಿನ ಐದರಲ್ಲಿ ಒಂದು ಪಾಲಿನಷ್ಟಿದ್ದ ಆ ಹೊಪ್ಪಳೆಯಿಂದಾಗಿ ಗಾಜನ್ನೇ ಬದಲಾಯಿಸಬೇಕಾಯಿತು. ನೆಲದ ರಾಡಾರುಗಳಿಗೆ ಚೆನ್ನಾಗಿ ಕಾಣುವುದು ಸುಮಾರು ಹತ್ತು ಸೆಂಟಿಮೀಟರಿಗಿಂತ ದೊಡ್ಡ ಚೂರುಗಳು ಮಾತ್ರ. ಒಂದು ಸೆಂಟಿಮೀಟರಿಗಿಂತ ದೊಡ್ಡವು ಹತ್ತು ಲಕ್ಷಕ್ಕೂ ಹೆಚ್ಚು ಇರಬೇಕೆಂದು ಯೂರೋಪಿನ ಅಂತರಿಕ್ಷ ಸಂಸ್ಥೆಯು ಅಂದಾಜುಮಾಡಿದೆ. ಇವುಗಳಲ್ಲಿ ಒಂದೊಂದೂ ಒಂದು ಉಪಗ್ರಹದ ಪ್ರಾಣ ತೆಗೆಯಬಲ್ಲದು.

ಇನ್ನೂ ಒಂದು ಭಯವುಂಟು. ೧೯೭೮ರಲ್ಲಿ ಡೊನಾಲ್ಡ್ ಕೆಸ್ಲರ್, ಬರ್ಟನ್ ಕೂರ್‌ಪಲೈಸ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಲೆಕ್ಕಮಾಡಿ ತೋರಿಸಿದುದೇನೆಂದರೆ: ಕಕ್ಷೆಯಲ್ಲಿ ವಸ್ತುಗಳ ಸಂಖ್ಯೆ ಒಂದು ಮಿತಿಯನ್ನು ಮೀರಿದರೆ ಒಂದಕ್ಕೊಂದು ಬಡಿದು ಚೂರಾಗುವುವು, ಆ ಚೂರುಗಳು ಬೇರೆಯವಕ್ಕೆ ಬಡಿದು ಇನ್ನಷ್ಟು ಚೂರುಗಳನ್ನು ಮಾಡುವುವು, ಹೀಗೆ ಯಾರೂ ಏನನ್ನೂ ಮಾಡದಿದ್ದರೂ ಕಸವು ತಾನಾಗಿಯೇ ಬೆಳೆಯುತ್ತ ಹೋಗುವುದು. ೨೦೦೯ನೆಯ ಫೆಬ್ರವರಿ ೧೦ರಂದು ಸೈಬೀರಿಯದ ಮೇಲೆ ಸುಮಾರು ೭೯೦ ಕಿಲೋಮೀಟರು ಎತ್ತರದಲ್ಲಿ, ಕೆಲಸ ಮಾಡುತ್ತಿದ್ದ ಅಮೆರಿಕದ ಇರಿಡಿಯಮ್ ೩೩ ಎಂಬುದೂ ಕೆಟ್ಟುಹೋಗಿದ್ದ ರಷ್ಯದ ಕಾಸ್ಮಾಸ್ ೨೨೫೧ ಎಂಬುದೂ ಡಿಕ್ಕಿಹೊಡೆದು ಎರಡೂ ನುಚ್ಚುನೂರಾದುವು. ಅದು ಯುದ್ಧವಲ್ಲ, ಪರೀಕ್ಷೆಯೂ ಅಲ್ಲ, ಬರಿಯ ಅಪಘಾತ. ಕೆಸ್ಲರನ ಲೆಕ್ಕವು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲವೆಂದು ಆಗ ಎಲ್ಲರಿಗೂ ಮನವರಿಕೆಯಾಯಿತು.

೨೦೦೮ನೆಯ ಫೆಬ್ರವರಿಯಲ್ಲಿ ಅಮೆರಿಕದವರು ಕೆಟ್ಟು ಕೆಳಗೆ ಬೀಳುತ್ತಿದ್ದ ತಮ್ಮ ಗುಪ್ತಚರ ಉಪಗ್ರಹವೊಂದನ್ನು ಹಡಗಿನಿಂದ ಬಿಟ್ಟ ಬಾಣದಿಂದ ಸುಮಾರು ೨೪೭ ಕಿಲೋಮೀಟರು ಎತ್ತರದಲ್ಲಿ ಒಡೆದರು. ಅದರೊಳಗೆ ಹೈಡ್ರಜೀನ್ ಎಂಬ ವಿಷದ ಇಂಧನವು ಉಳಿದಿದ್ದುದರಿಂದ ಜನರ ಕ್ಷೇಮಕ್ಕಾಗಿ ಹೀಗೆ ಮಾಡಬೇಕಾಯಿತೆಂದು ಅವರು ಹೇಳಿದರು. ಚೀನದವರಿಗೆ ಉತ್ತರ ಕೊಡುವ ಉದ್ದೇಶವೂ ಇದ್ದಿರಬಹುದೆಂದು ಲೋಕದಲ್ಲಿ ಅನೇಕರು ಭಾವಿಸಿದರು.

ಇನ್ನು ನಮ್ಮ ದೇಶದ ಮಾತು. ೨೦೧೯ನೆಯ ಜನವರಿ ೨೪ರಂದು ಶ್ರೀಹರಿಕೋಟೆಯಿಂದ ಮೈಕ್ರೋಸ್ಯಾಟ್-ಆರ್ ಎಂಬ, ೭೪೦ ಕಿಲೋಗ್ರಾಂ ತೂಕದ ಉಪಗ್ರಹವು ಹಾರಿತು. ಮಾರ್ಚ್ ೨೭ರಂದು ಒಡಿಶಾ ತೀರದಾಚೆಯ ಅಬ್ದುಲ್ ಕಲಾಂ ದ್ವೀಪದಿಂದ ರಕ್ಷಣಾ ಸಂಶೋಧನಾ ಸಂಸ್ಥೆಯವರು ಬಿಟ್ಟ ಕ್ಷಿಪಣಿಯು ಸುಮಾರು ಮೂರು ನಿಮಿಷಗಳಲ್ಲಿ ಮೇಲೇರಿ, ಮುನ್ನೂರು ಕಿಲೋಮೀಟರಿಗೆ ತುಸು ಕಡಿಮೆ ಎತ್ತರದಲ್ಲಿ ಅದಕ್ಕೆ ನೇರವಾಗಿ ಬಡಿಯಿತು. ಈ ಕಾರ್ಯಕ್ಕೆ ಮಿಷನ್ ಶಕ್ತಿ ಎಂದು ಹೆಸರು. ಪ್ರಧಾನಮಂತ್ರಿಗಳಾದ ನರೇಂದ್ರ ಮೋದಿಯವರು ಅದೇ ದಿನ ಇದನ್ನು ದೇಶಕ್ಕೆ ತಿಳಿಸಿದರು. ಅಮೆರಿಕ, ರಷ್ಯ, ಚೀನಗಳ ಅನಂತರ ಈ ಶಕ್ತಿಯನ್ನು ತೋರಿಸಿದ ನಾಲ್ಕನೆಯ ದೇಶವು ನಮ್ಮದು. ಮೊದಲನೆಯ ಪ್ರಯತ್ನವಾದ ಆರ್ಯಭಟ ಉಪಗ್ರಹವನ್ನು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ ೧೯೭೫ರಲ್ಲಿ ಕಳುಹಿಸಿದ್ದ ದೇಶಕ್ಕೆ ಇದು ಅದ್ಭುತವಾದ ಯಂತ್ರಕೌಶಲವೆಂಬುದರಲ್ಲಿ ಸಂದೇಹವಿಲ್ಲ. ನೆರೆಯ ಚೀನವು ೨೦೦೭ರಲ್ಲಿ ತೋರಿಸಿದ ಬಲದ ಮುಂದೆ ನಮ್ಮ ಉಪಗ್ರಹಗಳು ನಿರಾಯುಧವಾಗಿ ನಿಂತಿರಬೇಕೇ ಎಂಬ ಪ್ರಶ್ನೆಯೂ ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ.

ನಮ್ಮವರು ಎತ್ತರವನ್ನು ವಿವೇಕದಿಂದ ಆರಿಸಿಕೊಂಡರು. ಚೂರುಗಳು ನಲವತ್ತೈದು ದಿನಗಳಲ್ಲಿ ಉದುರಿಹೋಗುವುವೆಂದು ಸಂಸ್ಥೆಯ ಅಧ್ಯಕ್ಷರು ಹೇಳಿದರು. ಬಹುಪಾಲು ಬೇಗನೆ ಉದುರಿದುದೂ ನಿಜ. ಆದರೆ ಹೊಡೆತದಿಂದ ಮೇಲಕ್ಕೆ ಚಿಮ್ಮಿದ ಕೆಲವು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಎತ್ತರವನ್ನು ದಾಟಿ ಹೋಗಿ ಬರುವಂತಾದುವು; ಅಮೆರಿಕದ ನಾಸಾ ಸಂಸ್ಥೆಯ ಮುಖ್ಯಸ್ಥರು ಇದನ್ನು ಕಟುವಾಗಿ ಟೀಕಿಸಿದರು. ಪಟ್ಟಿಗೆ ಸಿಕ್ಕಿದ ಚೂರುಗಳಲ್ಲಿ ಕಟ್ಟಕಡೆಯದು ವಾಯುಮಂಡಲದಲ್ಲಿ ಉರಿದುಹೋದುದು ೨೦೨೨ನೆಯ ಜೂನ್ ತಿಂಗಳಲ್ಲಿ, ಅಂದರೆ ಮೂರು ವರ್ಷಗಳು ಕಳೆದ ಮೇಲೆ. ಎಷ್ಟು ಎಚ್ಚರದಿಂದ ಮಾಡಿದರೂ ಚೂರುಗಳ ದಾರಿಯು ಹೊಡೆದವರ ಕೈಯಲ್ಲಿ ಇರುವುದಿಲ್ಲವೆಂಬುದಕ್ಕೆ ನಮ್ಮದೇ ಪರೀಕ್ಷೆಯು ನಿದರ್ಶನ. ಫನಿ ಚಂಡಮಾರುತವು ಬಂದುದು ಈ ಪರೀಕ್ಷೆಯಾದ ಮೂವತ್ತೇಳನೆಯ ದಿನ, ಅದೇ ಒಡಿಶಾ ತೀರಕ್ಕೆ ಎಂಬುದನ್ನು ಓದುವವರು ಗಮನಿಸಬಹುದು.

ಚೂರಿನ ಭಯವು ಮನುಷ್ಯರಿಗೇ ಮುಟ್ಟಿದುದು ೨೦೨೧ನೆಯ ನವೆಂಬರ್ ೧೫ರಂದು. ರಷ್ಯದವರು ೧೯೮೨ರಲ್ಲಿ ಹಾರಿದ್ದ ತಮ್ಮ ಕಾಸ್ಮಾಸ್ ೧೪೦೮ ಎಂಬುದನ್ನು ನೆಲದಿಂದ ಬಿಟ್ಟ ಬಾಣದಿಂದ ಒಡೆದರು. ಸಾವಿರದ ಐನೂರಕ್ಕೂ ಮಿಕ್ಕಿದ ಚೂರುಗಳು ಹುಟ್ಟಿದುವು. ಅಂತರಿಕ್ಷ ನಿಲ್ದಾಣದಲ್ಲಿ ಆಗ ಏಳು ಮಂದಿ ಇದ್ದರು; ಅವರಲ್ಲಿ ಇಬ್ಬರು ರಷ್ಯದವರೇ. ಕೇಲಾ ಬ್ಯಾರನ್ ಎಂಬ ತರುಣಿಯು ಅಲ್ಲಿಗೆ ಬಂದು ನಾಲ್ಕು ದಿನಗಳಾಗಿದ್ದುವು. ಚೂರುಗಳ ಮೋಡವು ಒಂದೂವರೆ ಗಂಟೆಗೊಮ್ಮೆ ನಿಲ್ದಾಣದ ಹಾದಿಯ ಬಳಿ ಬರುವುದೆಂದು ತಿಳಿದು, ಏಳು ಮಂದಿಯೂ ನಡುವಣ ಬಾಗಿಲುಗಳನ್ನು ಮುಚ್ಚಿ, ಬೇಕಾದರೆ ಆ ಕ್ಷಣವೇ ಭೂಮಿಗೆ ಹೊರಡಲು ಅನುಕೂಲವಾಗುವಂತೆ ತಮ್ಮ ತಮ್ಮ ನೌಕೆಗಳೊಳಗೆ ಸೇರಿಕೊಂಡು ಕಾದರು. ಅಪಾಯವೇನೂ ಆಗಲಿಲ್ಲ. ತಮ್ಮ ದೇಶದ ಸೈನ್ಯವೇ ಮಾಡಿದ ಕೆಲಸದಿಂದ ಪ್ರಾಣವನ್ನು ಕೈಯಲ್ಲಿ ಹಿಡಿದು ಕುಳಿತ ಆ ಇಬ್ಬರು ರಷ್ಯದವರ ಮನಸ್ಸಿನ ಸ್ಥಿತಿಯನ್ನು ನಾವು ಊಹಿಸಿಕೊಳ್ಳಬೇಕಷ್ಟೆ.

ಒಡೆಯದೆಯೇ ಕೆಡಿಸುವ ಉಪಾಯಗಳೂ ಉಂಟು. ಉಪಗ್ರಹದ ರೇಡಿಯೋ ಸಂದೇಶದ ಮೇಲೆ ಬಲವಾದ ಬೇರೆ ಸದ್ದನ್ನು ಕಳುಹಿಸಿ ಅದನ್ನು ಕೇಳಿಸದಂತೆ ಮಾಡಬಹುದು. ಸುಳ್ಳು ಸಂದೇಶವನ್ನು ಕಳುಹಿಸಿ ಹಡಗಿಗೂ ವಿಮಾನಕ್ಕೂ ತಪ್ಪು ದಾರಿ ತೋರಿಸಬಹುದು. ಲೇಸರ್ ಕಿರಣದಿಂದ ಅದರ ಕ್ಯಾಮರಾದ ಕಣ್ಣು ಕುಕ್ಕಿಸಬಹುದು. ೨೦೨೨ನೆಯ ಫೆಬ್ರವರಿ ೨೪ರಂದು ರಷ್ಯದ ಸೈನ್ಯವು ಉಕ್ರೇನಿನೊಳಕ್ಕೆ ನುಗ್ಗಿದ ಹೊತ್ತಿನಲ್ಲಿಯೇ, ವಯಾಸ್ಯಾಟ್ ಎಂಬ ಕಂಪೆನಿಯ ಉಪಗ್ರಹಜಾಲಕ್ಕೆ ಸೇರಿದ ಸಾವಿರಾರು ನೆಲದ ಯಂತ್ರಗಳು ಕಂಪ್ಯೂಟರಿನ ಮೂಲಕ ಬಂದ ದುಷ್ಟ ಆಜ್ಞೆಯಿಂದ ಒಮ್ಮೆಗೇ ನಿಷ್ಪ್ರಯೋಜಕವಾದುವು. ಮೇಲಿನ ಉಪಗ್ರಹಕ್ಕೆ ಗೀರು ಕೂಡ ಬೀಳಲಿಲ್ಲ. ಆದರೂ ಯುದ್ಧಕ್ಕೆ ಸಂಬಂಧವೇ ಇಲ್ಲದ ಜರ್ಮನಿಯಲ್ಲಿ ೫,೮೦೦ ಗಾಳಿಯಂತ್ರಗಳನ್ನು ದೂರದಿಂದ ನೋಡಿಕೊಳ್ಳುವ ವ್ಯವಸ್ಥೆಯು ತಪ್ಪಿಹೋಯಿತು. ಇಂತಹ ಉಪಾಯಗಳಿಂದ ಕಸ ಹುಟ್ಟುವುದಿಲ್ಲವೆಂಬುದು ನಿಜ. ಆದರೆ ಮಾಡಿದವರು ಯಾರೆಂದು ಹೇಳುವುದು ಕಷ್ಟವಾದುದರಿಂದ ಇವುಗಳನ್ನು ಬಳಸುವವರಿಗೆ ಅಂಜಿಕೆಯೂ ಕಡಿಮೆ. ಮುಂದೆ ನಡೆಯುವ ಜಗಳಗಳಲ್ಲಿ ಬಾಣಕ್ಕಿಂತ ಇವೇ ಹೆಚ್ಚಾಗಿ ಬಳಕೆಗೆ ಬರುವುವೆಂದು ನಮಗೆ ತೋರುತ್ತದೆ.

ಇದನ್ನೆಲ್ಲ ತಡೆಯುವ ಕಾನೂನು ಇಲ್ಲವೇ ಎಂದರೆ, ಅರ್ಧ ಉಂಟು. ೧೯೬೭ರ ಒಪ್ಪಂದವು ಕಕ್ಷೆಯಲ್ಲಿ ಪರಮಾಣು ಬಾಂಬು ಇಡುವುದನ್ನ ನಿಷೇಧಿಸಿದೆಯೇ ಹೊರತು, ನೆಲದಿಂದ ಬಾಣ ಬಿಟ್ಟು ತನ್ನ ಉಪಗ್ರಹವನ್ನು ತಾನೇ ಒಡೆಯುವುದನ್ನು ನಿಷೇಧಿಸಿಲ್ಲ. ೨೦೨೨ನೆಯ ಏಪ್ರಿಲ್‌ನಲ್ಲಿ ಅಮೆರಿಕವು ಇಂತಹ ಒಡೆಯುವ ಪರೀಕ್ಷೆಗಳನ್ನು ಇನ್ನು ತಾನು ಮಾಡುವುದಿಲ್ಲವೆಂದು ಸಾರಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಎಲ್ಲ ದೇಶಗಳೂ ಹಾಗೆಯೇ ಮಾತುಕೊಡಬೇಕೆಂದು ಕೇಳಿಕೊಂಡಿತು. ೧೫೫ ದೇಶಗಳು ಪರವಾಗಿ ಮತಕೊಟ್ಟುವು, ರಷ್ಯ, ಚೀನಗಳೂ ಸೇರಿ ಒಂಬತ್ತು ದೇಶಗಳು ವಿರೋಧಿಸಿದುವು, ಒಂಬತ್ತು ತಟಸ್ಥವಾಗಿದ್ದುವು. ಆ ಒಂಬತ್ತರಲ್ಲಿ ನಮ್ಮ ದೇಶವೂ ಒಂದು. ಬರಿಯ ಮಾತಿಗಿಂತ, ಎಲ್ಲರನ್ನೂ ಕಟ್ಟಿಹಾಕುವ ಒಪ್ಪಂದವೇ ಬೇಕೆಂಬುದು ನಮ್ಮ ಸರ್ಕಾರವು ಬಹುಕಾಲದಿಂದ ಹೇಳುತ್ತ ಬಂದಿರುವ ಮಾತು. ಒಪ್ಪಂದವು ಮೇಲೆಂಬುದನ್ನು ನಾವೂ ಒಪ್ಪುವೆವು. ಆದರೆ ಅದು ಬರುವವರೆಗೆ ಮಾತುಕೊಡುವುದರಿಂದ ನಷ್ಟವೇನೆಂಬುದು ನಮಗೆ ಅಷ್ಟು ಸ್ಪಷ್ಟವಾಗಿಲ್ಲ. ಅತ್ತ ಸ್ಟಾರ್‌ಫಿಶ್‌ನ ಭೂತವೂ ಮತ್ತೆ ಎದ್ದಿದೆ. ರಷ್ಯವು ಕಕ್ಷೆಯಲ್ಲಿ ಪರಮಾಣು ಆಯುಧವನ್ನಿಡುವ ಸಿದ್ಧತೆಯಲ್ಲಿದೆಯೆಂದು ೨೦೨೪ರಲ್ಲಿ ಅಮೆರಿಕದವರು ಆರೋಪಿಸಿದರು, ರಷ್ಯವು ಅಲ್ಲಗಳೆಯಿತು. ೧೯೬೭ರ ನಿಷೇಧವನ್ನು ಮತ್ತೆ ದೃಢಪಡಿಸುವ ನಿರ್ಣಯವು ಏಪ್ರಿಲ್ ೨೪ರಂದು ಭದ್ರತಾ ಮಂಡಲಿಯ ಮುಂದೆ ಬಂದಾಗ, ಹದಿಮೂರು ದೇಶಗಳು ಪರವಾಗಿದ್ದರೂ, ರಷ್ಯವು ತನ್ನ ನಿರಾಕರಣಾಧಿಕಾರದಿಂದ ಅದನ್ನು ತಡೆಯಿತು, ಚೀನವು ತಟಸ್ಥವಾಗಿದ್ದಿತು. ೧೯೬೨ರಲ್ಲಿ ಮೇಲೆ ಇದ್ದ ಉಪಗ್ರಹಗಳನ್ನು ಬೆರಳೆಣಿಸಿ ಹೇಳಬಹುದಾಗಿದ್ದಿತು. ಈಗ ಕೆಲಸ ಮಾಡುವುವೇ ಹತ್ತು ಸಾವಿರಕ್ಕೂ ಮಿಕ್ಕಿವೆ.

ಚೂರುಗಳ ನಡುವೆ ನಮ್ಮ ಉಪಗ್ರಹಗಳು ಸುತ್ತುವಂತೆ ನೋಡಿಕೊಳ್ಳುವ ಕೆಲಸವು ಬೆಂಗಳೂರಿನಲ್ಲಿಯೇ ನಡೆಯುತ್ತಿದೆ. ಇಸ್ರೋ ಸಂಸ್ಥೆಯವರು ೨೦೨೦ನೆಯ ಡಿಸೆಂಬರಿನಲ್ಲಿ ಪೀಣ್ಯದಲ್ಲಿ ಇದಕ್ಕಾಗಿಯೇ ಒಂದು ಕೇಂದ್ರವನ್ನು ತೆರೆದರು. ಪಟ್ಟಿಯಲ್ಲಿರುವ ಚೂರುಗಳ ಹಾದಿಗಳನ್ನೂ ನಮ್ಮ ಉಪಗ್ರಹಗಳ ಹಾದಿಗಳನ್ನೂ ಅಲ್ಲಿ ದಿನವೂ ಹೋಲಿಸಿ ನೋಡುವರು. ಎರಡು ಹಾದಿಗಳು ತೀರ ಸಮೀಪಕ್ಕೆ ಬರುವಂತೆ ಕಂಡರೆ ಉಪಗ್ರಹಕ್ಕೆ ಆಜ್ಞೆ ಕಳುಹಿಸಿ ಅದರ ಹಾದಿಯನ್ನು ಸ್ವಲ್ಪ ಸರಿಸುವರು. ೨೦೨೨ರಲ್ಲಿ ಹೀಗೆ ಇಪ್ಪತ್ತೊಂದು ಬಾರಿ, ೨೦೨೩ರಲ್ಲಿ ಇಪ್ಪತ್ತಮೂರು ಬಾರಿ ಸರಿಸಬೇಕಾಯಿತು. ಸರಿಸಲು ಇಂಧನ ಬೇಕು. ಮೇಲಿರುವ ಉಪಗ್ರಹಕ್ಕೆ ಹೊಸದಾಗಿ ಇಂಧನ ತುಂಬುವ ಏರ್ಪಾಡು ನಮ್ಮಲ್ಲಿ ಇಲ್ಲದಿರುವುದರಿಂದ, ಒಂದೊಂದು ಬಾರಿ ದಾರಿಬಿಟ್ಟಾಗಲೂ ಅದು ಕೆಲಸ ಮಾಡಬಹುದಾದ ದಿನಗಳಲ್ಲಿ ಕೆಲವು ಕಡಿಮೆಯಾಗುತ್ತವೆ.